ಒಂದೇ ಶೀಶೆಯ ಹಳದಿ ಪುಡಿ

ಆಗದ ಕೆಲಸವನ್ನು ಆಗುತ್ತದೆ ಎಂದು ಹೇಳುವುದರಲ್ಲಿ ನಮ್ಮ ವಿಭಾಗದ ಕಂಪ್ಯೂಟರ್ ಯಾವ ಪುಢಾರಿಗೂ ಕಡಿಮೆ ಇರಲಿಲ್ಲ. ಇದನ್ನು ಅದಕ್ಕೆ ಬೆರೆಸಿದರೆ ಏನು ಬರುತ್ತದೆ, ಎಷ್ಟು ಬರುತ್ತದೆ ಎಂದು ಏನೇ ಕೇಳಿದರೂ ‘ಬರುತ್ತದೆ, ಚೆನ್ನಾಗಿಯೇ ಬರುತ್ತದೆ’ ಎಂಬ ಉತ್ತರ. ಒಂದು ಮಧ್ಯಾಹ್ನ ತಲೆಹರಟೆಗೆಂದು, ಕ್ರಿಯೆ ನಡೆಯಲು ಬೇಕೇ ಬೇಕಾದ ಕಾಸ್ಟಿಕ್ ಸೋಡಾವನ್ನೇ ತೆಗೆದುಹಾಕಿ ಕೇಳಿದೆ. ಆಗಲೂ ನೂರಕ್ಕೆ ಎಪ್ಪತ್ತಾರು ಪಾಲು ಸಿಗುತ್ತದೆ ಎಂದಿತು. ಒಲೆ ಹಚ್ಚದೆ ರೊಟ್ಟಿ ಬೇಯುತ್ತದೆ ಎಂದ ಹಾಗಾಯಿತು. ನನಗೆ ಮೊದಲ ಸಂಶಯ ಬಂದದ್ದು ಅಲ್ಲಿಯೇ.

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಓದಿದ್ದೂ ಅದೇ ಕಾಲೇಜಿನಲ್ಲಿ. ಕೆಲಸದ ಜೊತೆಗೇ ಪಿಎಚ್.ಡಿ.ಗೆ ಹೆಸರು ಹಚ್ಚಿ ಆರು ವರ್ಷ ದಾಟಿತ್ತು. ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದೆ. ಮೂರನೆಯದು ಇಲ್ಲ, ಜುಲೈ ಕೊನೆಯೊಳಗೆ ಮಾರ್ಗದರ್ಶಕರ ಸಹಿಯೊಂದಿಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂದಿತ್ತು. ಅದು ಬಂದಾಗ ಫೆಬ್ರವರಿ. ನನಗೆ ಭಯವೇನೂ ಆಗಿರಲಿಲ್ಲ, ಏಕೆಂದರೆ ಕೆಲಸ ಮುಗಿದಂತೆಯೇ ಇತ್ತು.

ಕೆಲಸ ಇಷ್ಟು. ಪೇಟೆಂಟುಗಳಲ್ಲಿ, ಸಂಶೋಧನಾ ಪತ್ರಿಕೆಗಳಲ್ಲಿ ಪ್ರಕಟವಾದ ಲಕ್ಷಾಂತರ ರಾಸಾಯನಿಕ ಕ್ರಿಯೆಗಳನ್ನು ಒಂದೆಡೆ ಸೇರಿಸಿಟ್ಟ ಭಂಡಾರಗಳಿವೆ. ಒಂದು ಕ್ರಿಯೆಗೆ ಒಂದು ಸಾಲು: ಏನು ಬೆರೆಸಿದರು, ಯಾವ ದ್ರಾವಕದಲ್ಲಿ, ಎಷ್ಟು ಬಿಸಿಗೆ, ಎಷ್ಟು ತಾಸು, ಕೊನೆಗೆ ಕೈಗೆ ಎಷ್ಟು ಸಿಕ್ಕಿತು. ಈ ಸಾಲುಗಳನ್ನೆಲ್ಲ ಓದಿಸಿ ಕಂಪ್ಯೂಟರಿನಲ್ಲಿ ಒಂದು ಮಾಡೆಲ್ ತಯಾರಿಸಿದರೆ, ಹೊಸ ಕ್ರಿಯೆಯೊಂದು ನಡೆಯುತ್ತದೋ ಇಲ್ಲವೋ ಎಂದು ಅದು ಮುಂಚೆಯೇ ಹೇಳಬೇಕು. ಒಂದು ಬಾಟಲಿ ರಾಸಾಯನಿಕ ತರಿಸಲು ತಿಂಗಳುಗಟ್ಟಲೆ ಕಾಯುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ. ಮಾಡಿ ಕೆಡಿಸುವ ಮೊದಲೇ ಕೆಡುತ್ತದೆ ಎಂದು ತಿಳಿದರೆ ಅರ್ಧ ಖರ್ಚು ಉಳಿದಂತೆ.

ನನ್ನ ಮಾರ್ಗದರ್ಶಕರು ದೂರದ ದೊಡ್ಡ ಊರಿನವರು. ಭಂಡಾರದ ಸಾಲುಗಳ ಮೇಲೆ ಮಾಡೆಲ್ ತಯಾರಿಸಿಕೊಟ್ಟದ್ದು ಅವರ ತಂಡ. ಅದಕ್ಕೆ ನಮ್ಮ ಕಾಲೇಜಿನ ಪ್ರಯೋಗಗಳನ್ನು ಸೇರಿಸಿ ಕಲಿಸಿ, ಅದು ಎಷ್ಟು ಸರಿಯಾಗಿ ಹೇಳುತ್ತದೆ ಎಂದು ನೋಡುವುದು ನನ್ನ ಪಾಲು. ನಮ್ಮಲ್ಲಿ ಎಂ.ಎಸ್ಸಿ. ಶುರುವಾದಾಗಿನಿಂದ ಪ್ರತಿ ವರ್ಷದ ವಿದ್ಯಾರ್ಥಿ ತಂಡವೂ ಚಾಲ್ಕೋನ್ ಎಂಬ ಹಳದಿ ಪದಾರ್ಥಗಳ ಒಂದು ಸರಣಿ ಮಾಡುತ್ತದೆ. ಅಸಿಟೋಫೀನೋನ್ ಎಂಬ ಮೂಲವಸ್ತು ಎಲ್ಲರಿಗೂ ಒಂದೇ. ಅದಕ್ಕೆ ಕೂಡಿಸುವ ಆಲ್ಡಿಹೈಡ್ ಮಾತ್ರ ರೋಲ್ ನಂಬರಿನ ಪ್ರಕಾರ ಬೇರೆ ಬೇರೆ. ಸ್ಪಿರಿಟ್ಟಿನಲ್ಲಿ ಕರಗಿಸಿ, ಸೋಡಾ ಹನಿಸಿ, ಕಲಕುತ್ತ ಕೂತರೆ ಹಳದಿ ಹರಳು ಇಳಿಯುತ್ತದೆ. ಹದಿನೆಂಟು ತಂಡಗಳ ಜರ್ನಲ್‌ಗಳು, ಅಂದರೆ ಪ್ರಯೋಗದ ದಾಖಲೆ ಪುಸ್ತಕಗಳು, ವಿಭಾಗದ ಕಪಾಟಿನಲ್ಲಿವೆ, ಪ್ರತಿ ಪುಟದ ಕೆಳಗೂ ಅಧ್ಯಾಪಕರ ಸಹಿ ಇದೆ. ಇದಕ್ಕಿಂತ ನಂಬಿಕೆಯ ದಾಖಲೆ ಯಾವುದಿದೆ ಎಂದುಕೊಂಡು ಎರಡು ತಿಂಗಳು ಕೂತು ಎಲ್ಲವನ್ನೂ ಟೈಪ್ ಮಾಡಿ ಸೇರಿಸಿದ್ದೆ. ಮಾಡೆಲ್ ಹೇಳಿದ್ದಕ್ಕೂ ಜರ್ನಲಿನಲ್ಲಿದ್ದುದಕ್ಕೂ ಎಷ್ಟು ಹೊಂದಿತೆಂದರೆ, ಮಾರ್ಗದರ್ಶಕರು ಫೋನಿನಲ್ಲಿ “ಇದು ದೊಡ್ಡ ಪತ್ರಿಕೆಗೆ ಹೋಗುತ್ತೆ ಮೇಡಂ” ಎಂದಿದ್ದರು.

ಸೋಡಾ ಇಲ್ಲದೆಯೂ ಆಗುತ್ತದೆ ಎಂದ ಮಾಡೆಲ್ಲನ್ನು ಹಿಡಿದುಕೊಂಡು ಹಾಗೆ ಸುಮ್ಮನಿರಲು ಆಗಲಿಲ್ಲ. ಜರ್ನಲ್‌ಗಳಲ್ಲಿ ಎಲ್ಲಕ್ಕಿಂತ ಸ್ಥಿರವಾದ ಫಲಿತಾಂಶ ಇದ್ದದ್ದು ಏಳನೆಯ ಆಲ್ಡಿಹೈಡಿನದು, ಪ್ಯಾರಾ ಹೈಡ್ರಾಕ್ಸಿ ಬೆಂಜಾಲ್ಡಿಹೈಡ್. ಜರ್ನಲ್ ಇದ್ದ ಪ್ರತಿ ವರ್ಷವೂ ನೂರಕ್ಕೆ ಎಪ್ಪತ್ತೇಳು, ಎಪ್ಪತ್ತೆಂಟು, ಎಪ್ಪತ್ತೊಂಬತ್ತು. ಮಾಡೆಲ್ ಕೂಡ ಎಪ್ಪತ್ತೆಂಟು ಎಂದಿತ್ತು. ಅದನ್ನೇ ನಾನೇ ಮಾಡಿ ನೋಡುತ್ತೇನೆ ಎಂದು ಫ್ಲಾಸ್ಕ್ ಇಟ್ಟೆ.

ಮೂರು ಸಲ ಇಟ್ಟೆ. ಮೂರು ಸಲವೂ ಕಂದು ಮುದ್ದೆ. ಒಮ್ಮೆ ಬಿಸಿ ಮಾಡಿದೆ, ಒಮ್ಮೆ ಪೇಟೆಯ ಬರ್ಫಿನ ಅಂಗಡಿಯಿಂದ ಗೋಣಿಚೀಲದಲ್ಲಿ ಬರ್ಫು ತರಿಸಿ ತಣ್ಣಗೆ ಮಾಡಿದೆ, ಇನ್ನೊಮ್ಮೆ ಒಂದಿಡೀ ದಿನ ಕಲಕಿದೆ. ಮಾರ್ಚ್ ತಿಂಗಳು, ನಲ್ಲಿಯ ನೀರೇ ಕೈ ಸುಡುತ್ತಿತ್ತು. ಮೂರನೆಯ ಫ್ಲಾಸ್ಕನ್ನು ತೊಳೆಯಲು ಇಟ್ಟಾಗ ನಮ್ಮ ಪ್ರಯೋಗಾಲಯದ ಅಟೆಂಡರ್ ಚಾಚಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. ವಿಭಾಗ ಶುರುವಾದಾಗಿನಿಂದ ಇರುವವರು, ಮುಂದಿನ ವರ್ಷ ನಿವೃತ್ತಿ.

“ಏಳನೇದು ಅಲ್ಲೇನ್ರಿ ಮೇಡಂ ಇದು? ಇದು ಆಗಂಗಿಲ್ರಿ.”

“ಯಾಕ ಆಗಂಗಿಲ್ಲ ಚಾಚಾ? ಹದಿನೆಂಟು ವರ್ಷದ ಜರ್ನಲ್‌ನ್ಯಾಗ ಆಗೇತಲ್ಲ.”

“ಜರ್ನಲ್‌ನ್ಯಾಗ ಆಗಿರಬಹುದ್ರಿ. ಫ್ಲಾಸ್ಕ್ ತೊಳಿಯಾಂವ ನಾನು.” ಅವರು ಬ್ರಷ್ ಕೈಗೆತ್ತಿಕೊಂಡರು. “ಉಳದದ್ದೆಲ್ಲಾ ಒಂದೀಟು ಅಸಿಟೋನ್ ಹಾಕಿದ್ರ ತಟ್ಟನ ಬಿಡತೈತಿ. ಇದೊಂದು ವರ್ಷಾ ವರ್ಷಾ ಡಾಂಬರ್ ಹಿಡದಂಗ ಹಿಡಿತೈತಿ. ನೀವು ಓದಾಕತ್ತಾಗನೂ ಹಿಂಗ ಹಿಡದಿತ್ತು. ನೆನಪಿಲ್ಲೇನು?”

ನೆನಪಿತ್ತು. ನೆನಪಿಲ್ಲದ ಹಾಗೆ ಇಷ್ಟು ವರ್ಷ ಬದುಕಿದ್ದೆ, ಅಷ್ಟೆ. ಮೂರನೆಯ ತಂಡದಲ್ಲಿ ಏಳನೆಯ ರೋಲ್ ನಂಬರ್ ನನ್ನದು. ಎರಡು ಸಲ ಮುದ್ದೆಯಾದ ಮೇಲೆ ಸೀನಿಯರ್ ಒಬ್ಬಳು ಕಪಾಟಿನ ಕೀಲಿ ಎಲ್ಲಿರುತ್ತದೆ ಎಂದು ಕಿವಿಯಲ್ಲಿ ಹೇಳಿದ್ದಳು. ಪರೀಕ್ಷೆಗೆ ಒಪ್ಪಿಸಿದ ಪುಡಿಯನ್ನು ಪುಟ್ಟ ಗಾಜಿನ ಟ್ಯೂಬಿನಲ್ಲಿ ಹಾಕಿ, ವರ್ಷ ಬರೆದು ಅಲ್ಲಿ ಇಡುವ ರೂಢಿ. ಹಿಂದಿನ ವರ್ಷದ ಟ್ಯೂಬಿನಿಂದ ಒಂದಿಷ್ಟು ಪುಡಿ ತೆಗೆದು ನನ್ನ ಟ್ಯೂಬಿಗೆ ಹಾಕಿಕೊಂಡೆ. ಕರಗುವ ಉಷ್ಣತೆ ಸರಿಯಾಗಿಯೇ ಬಂತು, ಬರದೆ ಏನು. ಎಪ್ಪತ್ತೆಂಟು ಎಂದು ಬರೆದೆ, ಆ ವರ್ಷ ಒಳ್ಳೆಯ ಜರ್ನಲ್ ಎಂದು ಹೊಗಳಿಸಿಕೊಂಡೆ. ಈಗ ಆ ಎಪ್ಪತ್ತೆಂಟನ್ನು ನನ್ನ ಕೈಯಿಂದಲೇ ಕಂಪ್ಯೂಟರಿಗೆ ಟೈಪ್ ಮಾಡಿದ್ದೆ, ಕೈ ಒಂದಿಷ್ಟೂ ತಡವರಿಸಿರಲಿಲ್ಲ. ನನಗೆ ನಾಚಿಕೆಯಾದದ್ದು ಅಂದು ಹುಡುಗಿಯಾಗಿದ್ದ ನನ್ನ ಕಳ್ಳತನಕ್ಕಿಂತ ಹೆಚ್ಚಾಗಿ ಈ ಹೆಂಗಸಿನ ತಡವರಿಸದ ಕೈಗೆ.

ಅಂದೇ ಕಪಾಟು ತೆರೆದೆ. ಏಳನೆಯದರ ಟ್ಯೂಬುಗಳು ಹದಿನೇಳು ಇದ್ದವು, ಒಂದು ವರ್ಷದ್ದು ಇರಲಿಲ್ಲ. ಸಾಲಾಗಿ ನಿಲ್ಲಿಸಿದಾಗ ಲೆಕ್ಕ ಕಣ್ಣಿಗೇ ಕಂಡಿತು: ಮೊದಲ ಟ್ಯೂಬಿನಲ್ಲಿ ಅರ್ಧದಷ್ಟು ಪುಡಿ, ಮುಂದಿನದರಲ್ಲಿ ಅದಕ್ಕಿಂತ ಕಡಿಮೆ, ಕೊನೆಯದರಲ್ಲಿ ತಳಕ್ಕೆ ಅಂಟಿದ ಒಂದು ಚಿಟಿಕೆ. ಆದರೂ ಕಣ್ಣಳತೆ ಸಾಕ್ಷಿಯಲ್ಲ. ಪ್ರತಿಯೊಂದರಿಂದ ಸಾಸಿವೆಯಷ್ಟು ಕರಗಿಸಿ ಟಿಎಲ್‌ಸಿ ಪ್ಲೇಟಿನ ಮೇಲೆ ಚುಕ್ಕೆ ಇಟ್ಟು ಓಡಿಸಿದೆ. ಪದಾರ್ಥ ಎಷ್ಟು ಶುದ್ಧವಾಗಿದೆ ಎಂದು ನೋಡುವ ಅಗ್ಗದ ವಿಧಾನ ಇದು. ಅದರಲ್ಲಿ ಬೆರೆತ ಕಲ್ಮಶ ಬೇರೆ ಚುಕ್ಕೆಯಾಗಿ ನಿಲ್ಲುತ್ತದೆ. ಬೇರೆ ಬೇರೆಯವರು ಬೇರೆ ಬೇರೆ ವರ್ಷ ಮಾಡಿದ ಪುಡಿಯಲ್ಲಿ ಕಲ್ಮಶ ಬೇರೆ ಬೇರೆ ಇರಬೇಕು. ಯುವಿ ದೀಪದ ಕೆಳಗೆ ಹದಿನೇಳರಲ್ಲೂ ಒಂದೇ ದೊಡ್ಡ ಚುಕ್ಕೆ, ಅದರ ಮೇಲೆ ಅಷ್ಟೇ ದೂರದಲ್ಲಿ ಅದೇ ಮಬ್ಬು ಚುಕ್ಕೆ. ಯಾವನೋ ಪುಣ್ಯಾತ್ಮ ಎಲ್ಲಿಂದಲೋ ತಂದ ಒಂದೇ ಶೀಶೆಯ ಪುಡಿಯನ್ನು ನಾವು ಹದಿನೆಂಟು ವರ್ಷ ಹಂಚಿಕೊಂಡು ತಿಂದಿದ್ದೆವು.

ಕಾರಣವೂ ಆಮೇಲೆ ಪುಸ್ತಕ ಬಿಚ್ಚಿದಾಗ ಸುಲಭವಾಗಿಯೇ ಸಿಕ್ಕಿತು. ಈ ಆಲ್ಡಿಹೈಡಿನ ಮೈಮೇಲಿರುವ ಹೈಡ್ರಾಕ್ಸಿ ಗುಂಪನ್ನು ಸೋಡಾ ಮೊದಲು ಹಿಡಿಯುತ್ತದೆ. ಹಿಡಿದ ಮೇಲೆ ಆಲ್ಡಿಹೈಡಿಗೆ ಬೇರೆ ಯಾರನ್ನೂ ಕೂಡುವ ಹುರುಪು ಉಳಿಯುವುದಿಲ್ಲ. ಭಂಡಾರದಲ್ಲಿ ಈ ಪದಾರ್ಥ ಮಾಡಿದವರು ಸೋಡಾ ಬಿಟ್ಟು ಆಮ್ಲದಲ್ಲಿ ಮಾಡಿದ್ದರು, ಇಲ್ಲವೇ ಆ ಗುಂಪನ್ನು ಮೊದಲು ಮುಚ್ಚಿ ಮಾಡಿದ್ದರು. ಸೋಡಾದಲ್ಲಿ ಮಾಡಿ ಸೋತವರು ಜಗತ್ತಿನ ತುಂಬ ಇರಬೇಕು, ಆದರೆ ಸೋತದ್ದನ್ನು ಯಾರೂ ಪ್ರಕಟಿಸಲಿಲ್ಲ. ಲಕ್ಷಾಂತರ ಸಾಲುಗಳಲ್ಲಿ ಎಲ್ಲರೂ ಗೆದ್ದವರೇ. ಗೆದ್ದವರ ಮಾತನ್ನಷ್ಟೇ ಕೇಳಿ ಬೆಳೆದ ಮಾಡೆಲ್‌ಗೆ ಆಗುವುದಿಲ್ಲ ಎನ್ನುವ ಮಾತೇ ಬರುತ್ತಿರಲಿಲ್ಲ. ಇದು ಸಾಲದು ಎಂದು ನಾನು ನಮ್ಮ ಕಳ್ಳ ಪುಡಿಯನ್ನೂ ತಿನ್ನಿಸಿದ್ದೆ.

ಮಾರ್ಗದರ್ಶಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಕ್ಕರು.

“ಎಲ್ಲ ಕಾಲೇಜಲ್ಲೂ ಇದ್ದದ್ದೇ ಮೇಡಂ. ಆ ಆಲ್ಡಿಹೈಡ್ ತೆಗೆದುಬಿಡಿ. ಉಳಿದದ್ದು ಚೆನ್ನಾಗಿದೆಯಲ್ಲ.”

“ಉಳಿದದ್ದರೊಳಗೂ ಸೋತದ್ದು ಒಂದೂ ಇಲ್ಲ ಸರ್. ಸೋಡಾ ತೆಗೆದರೂ ಆಗುತ್ತದೆ ಅನ್ನೋ ಮಾಡೆಲ್ ಇಟ್ಟುಕೊಂಡು ಏನು ಮಾಡೋದು?”

“ಡಿಗ್ರಿ ತಗೊಳ್ಳೋದು. ಜುಲೈ ಹತ್ತಿರ ಬಂತು.”

ಅವರದು ತಪ್ಪು ಲೆಕ್ಕವೇನಲ್ಲ. ನಾನೂ ಆ ರಾತ್ರಿಯವರೆಗೆ ಅದೇ ಲೆಕ್ಕ ಹಾಕಿದೆ. ಆದರೆ ಮರುದಿನ ಚಾಚಾ ಸ್ಟೋರ್ ರೂಮಿನ ಬಾಗಿಲ ಹಿಂದಿನಿಂದ ಒಂದು ಕಟ್ಟು ತಂದು ನನ್ನ ಮೇಜಿನ ಮೇಲೆ ಇಟ್ಟರು. ಕಬ್ಬಿಣದ ತಂತಿಗೆ ಪೋಣಿಸಿದ ಚೀಟಿಗಳು, ವರ್ಷಕ್ಕೊಂದು ತಂತಿ. ನಮ್ಮಲ್ಲಿ ಮೊದಲ ಸಲದ ರಾಸಾಯನಿಕವನ್ನು ರೋಲ್ ನಂಬರ್ ನೋಡಿ ಕೊಡುತ್ತಾರೆ. ಕೆಟ್ಟರೆ ಎರಡನೆಯ ಸಲಕ್ಕೆ ಚೀಟಿ ಬೇಕು: ಏನು ಬೇಕು, ಎಷ್ಟು ಬೇಕು, ಮೊದಲಿನದು ಏನಾಯಿತು, ಕೆಳಗೆ ಅಧ್ಯಾಪಕರ ಸಹಿ. ಈ ನಿಯಮ ಯಾರು ಮಾಡಿದರೋ ಗೊತ್ತಿಲ್ಲ. ಪಾಲಿಸಿಕೊಂಡು ಬಂದವರು ಚಾಚಾ.

“ಒಬ್ರೂ ಕೇಳಲಿಲ್ರಿ ಇವನ್ನ,” ಎಂದರು. “ಒಗೀಲಿಕ್ಕೂ ಮನಸಾಗಲಿಲ್ಲ. ಹುಡುಗೂರು ಜರ್ನಲ್‌ನ್ಯಾಗ ಸುಳ್ಳು ಬರದಿರಬಹುದು. ನನ್ನ ಮುಂದ ಸುಳ್ಳು ಬರದ್ರ ಮಾಲು ಸಿಗತಿರಲಿಲ್ಲ.”

ಓದುತ್ತ ಕೂತೆ. ‘ಮುದ್ದಿ ಆತು.’ ‘ಬಣ್ಣ ಬರಲಿಲ್ಲ.’ ‘ಎರಡು ದಿನ ಇಟ್ಟರೂ ಹರಳು ಬೀಳಲಿಲ್ಲ.’ ‘ಸೋಡಾ ಹೆಚ್ಚಾಗಿ ಎಣ್ಣೆಯಂತಾಯಿತು.’ ನೂರಕ್ಕೂ ಹೆಚ್ಚು ಸೋಲುಗಳು, ತಾರೀಖು ಸಮೇತ, ಅಳತೆ ಸಮೇತ. ಯಾವ ಭಂಡಾರದಲ್ಲೂ ಇಲ್ಲದ್ದು ನಮ್ಮ ಬಾಗಿಲ ಹಿಂದೆ ನೇತಾಡುತ್ತಿತ್ತು. ಏಳನೆಯದಕ್ಕೆ ಪ್ರತಿ ವರ್ಷ ಎರಡೋ ಮೂರೋ ಚೀಟಿ, ಆಮೇಲೆ ನಿಂತುಬಿಡುತ್ತವೆ. ಕಪಾಟಿನ ಕೀಲಿ ಸಿಕ್ಕಿರುತ್ತದೆ. ಒಂದು ವರ್ಷದ ತಂತಿಯಲ್ಲಿ ಮಾತ್ರ ಒಂದೇ ಕೈಬರಹದ ಹತ್ತು ಚೀಟಿ. ಮೊದಲ ಸಲಕ್ಕೆ ಚೀಟಿ ಬೇಡ, ಹಾಗಾದರೆ ಹನ್ನೊಂದು ಪ್ರಯತ್ನ. ಅದು ಟ್ಯೂಬ್ ಇಲ್ಲದ ವರ್ಷ. ಹತ್ತರ ಮೇಲೂ ಸಹಿ ನನ್ನದು.

ಆ ಹುಡುಗ ಮಮದಾಪುರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದವನು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕಂದು ಮುದ್ದೆಯ ಟ್ಯೂಬನ್ನೇ ತಂದಿಟ್ಟು, ಜರ್ನಲಿನಲ್ಲಿ ‘ಉತ್ಪನ್ನ ಸಿಗಲಿಲ್ಲ’ ಎಂದು ಬರೆದಿದ್ದ. ಒಳಗಿನ ಪರೀಕ್ಷಕಿ ನಾನು. ಎಲ್ಲ ವರ್ಷವೂ ಎಲ್ಲರಿಗೂ ಬರುವುದು ಇವನಿಗೇಕೆ ಬರಲಿಲ್ಲ ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು. “ಕೈ ಶುದ್ಧ ಇಲ್ಲ” ಎಂದೆ ನಾನು. ಸೊನ್ನೆ ಹಾಕಿದೆವು. ಅವನು ಮರುಪರೀಕ್ಷೆಗೆ ಬರಲಿಲ್ಲ, ಎಂ.ಎಸ್ಸಿ.ಯನ್ನೇ ಬಿಟ್ಟ. ಅವನ ಜರ್ನಲ್ ಕಪಾಟಿಗೆ ಸೇರಲೇ ಇಲ್ಲ. ನಾನು ಕದ್ದ ಪುಡಿಯ ತೂಕಕ್ಕೆ ಅವನನ್ನು ತೂಗಿದ್ದೆ. ಇದನ್ನು ಇದಕ್ಕಿಂತ ಮೃದುವಾಗಿ ಹೇಳಲು ನನಗೆ ಬರುವುದಿಲ್ಲ, ಬಂದರೂ ಹೇಳುವುದಿಲ್ಲ.

ಅವನು ಈಗ ಬಬಲೇಶ್ವರದಲ್ಲಿ ಗೊಬ್ಬರ, ಔಷಧದ ಅಂಗಡಿ ಇಟ್ಟಿದ್ದಾನೆ ಎಂದು ಚಾಚಾನಿಗೆ ಗೊತ್ತಿತ್ತು. ಭಾನುವಾರ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಎದುರಿಗೇ ಅಂಗಡಿ. ಒಬ್ಬ ರೈತ ಎರಡು ಡಬ್ಬಿ ಮುಂದಿಟ್ಟುಕೊಂಡು ನಿಂತಿದ್ದ.

“ಎರಡೂ ಕೂಡಿಸಿ ಹೊಡದ್ರ ನಡೀತೈತೇನಪಾ?”

“ನಡಿಯಂಗಿಲ್ಲ ಕಾಕಾ. ಗಂಧಕಕ್ಕ ಎಣ್ಣಿ ಕೂಡಂಗಿಲ್ಲ. ಹ್ವಾದ ವರ್ಷ ಬಿಜ್ಜರಗಿಯವರೊಬ್ರು ಹಂಗ ಹೊಡದು ದ್ರಾಕ್ಷಿ ಎಲಿ ಸುಟ್ಟಗೊಂಡಾರ. ಅಲ್ಲಿ ಬೋರ್ಡ್ ಮ್ಯಾಲ ಬರದೀನಿ ನೋಡ್ರಿ.”

ಗೋಡೆಯ ಮೇಲೆ ಕರಿ ಹಲಗೆ. ಯಾವುದಕ್ಕೆ ಯಾವುದನ್ನು ಕೂಡಿಸಬಾರದು ಎಂದು ಸೀಮೆಸುಣ್ಣದಲ್ಲಿ ಬರೆದ ಉದ್ದ ಪಟ್ಟಿ, ಪಕ್ಕದಲ್ಲಿ ಯಾವ ಊರಿನ ಹೊಲದಲ್ಲಿ ಕೆಟ್ಟಿತು ಎಂಬ ಗುರುತು. ನಾನು ಈಗ ಹುಡುಕುತ್ತಿದ್ದ ಸೋಲುಗಳ ಭಂಡಾರದ ಒಂದು ತುಣುಕನ್ನು ಇವನು ಯಾರ ಮಾರ್ಗದರ್ಶನವೂ ಇಲ್ಲದೆ ಮಾಡಿಟ್ಟಿದ್ದ.

ರೈತ ಹೋದ ಮೇಲೆ ಅವನು ನನ್ನ ಗುರುತು ಹಿಡಿದ. ಕುರ್ಚಿ ಕೊಟ್ಟ, ಚಹಾ ಹೇಳಿದ. ನಾನು ಬಂದ ಕಾರಣವನ್ನು ಸುತ್ತಿಬಳಸದೆ ಹೇಳಿದೆ. ಅವನು ಹತ್ತು ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿದ.

“ಇದು ಆಗಂಗಿಲ್ಲ ಅಂತ ಈಗ ಗೊತ್ತಾತೇನ್ರಿ ಮೇಡಂ ನಿಮಗ?”

“ಆಗನೂ ಗೊತ್ತಿತ್ತು. ನಂದೂ ಆಗಿರಲಿಲ್ಲ. ನಾನು ಕಪಾಟಿನ್ಯಾಗಿಂದು ಇಟ್ಟಿದ್ದೆ.”

ಚಹಾ ಬಂತು, ಅವನು ಮುಟ್ಟಲಿಲ್ಲ.

“ಗೊತ್ತಿದ್ದೂ ಸೊನ್ನಿ ಹಾಕಿದ್ರಿ.”

“ಹಾಕಿದೆ.”

“ಕೀಲಿ ಎಲ್ಲಿರತದ ಅಂತ ನನಗೂ ಹೇಳಿದ್ರು ಮೇಡಂ. ತಗೀಲಿಲ್ಲ ನಾನು. ನಮ್ಮಪ್ಪ ಮೂರು ತಿಂಗಳ ನನ್ನ ಸಂಗಾಟ ಮಾತು ಬಿಟ್ಟಿದ್ದ, ಎಲ್ಲಾರಿಗೂ ಬಂದದ್ದು ನಿನಗ್ಯಾಕ ಬರಲಿಲ್ಲ ಅಂತ.” ಆಮೇಲೆ ಎದ್ದು ನಿಂತ. “ರಫ್ ಬುಕ್ ಮನ್ಯಾಗ ಐತಿ. ಒಂದೊಂದು ಸಲದ್ದೂ ಬರದೀನಿ, ಎಷ್ಟು ಹಾಕಿದೆ, ಎಷ್ಟು ಬಿಸಿ ಇತ್ತು, ಎಷ್ಟು ತಾಸು. ಕೊಡತೀನಿ. ಆದ್ರ ಸೊನ್ನಿ ಯಾರು ಹಾಕಿದ್ರು, ಯಾಕ ಹಾಕಿದ್ರು ಅನ್ನೂದೂ ನಿಮ್ಮ ಪುಸ್ತಕದಾಗ ಬರೀಬೇಕು. ಅದಿಲ್ಲಂದ್ರ ಇದೂ ಇಲ್ಲ.”

ಬರೆಯುತ್ತೇನೆ ಎಂದೆ. ಹೇಳುವಾಗ ಜುಲೈ ನೆನಪಿತ್ತು, ಮಾರ್ಗದರ್ಶಕರ ಸಹಿ ನೆನಪಿತ್ತು. ಗೊತ್ತಿದ್ದೇ ಹೇಳಿದ ಮಾತು ಅದು.

ಏಪ್ರಿಲ್, ಮೇ ಎರಡೂ ತಿಂಗಳು ರಜೆಯಲ್ಲಿ ಪ್ರಯೋಗಾಲಯ ನನ್ನದಾಯಿತು. ಚೀಟಿಯನ್ನು ಹಾಗೆಯೇ ನಂಬುವುದು ಜರ್ನಲನ್ನು ನಂಬಿದಷ್ಟೇ ಪೆದ್ದುತನ. ಹಾಗಾಗಿ ಅಳತೆ, ಸಮಯ ಸ್ಪಷ್ಟವಿದ್ದ ಚೀಟಿಗಳನ್ನು ಆರಿಸಿ, ಅದೇ ಪ್ರಕಾರ ಮತ್ತೆ ಮಾಡಿದೆ. ಎರಡು ಸಲ ಮಾಡಿ ಎರಡೂ ಸಲ ಸೋತರೆ ಮಾತ್ರ ಸೋಲು ಎಂದು ದಾಖಲು. ಬೋರಿನ ಗಡಸು ನೀರಿನಿಂದ ಕೆಟ್ಟಿತೋ ಏನೋ ಎಂಬ ಸಂಶಯಕ್ಕೆ ಬಟ್ಟಿ ಇಳಿಸಿದ ನೀರಿನಲ್ಲೂ ಮಾಡಿದೆ. ಫ್ಯಾನ್ ಹಾಕಿದರೆ ತೂಕದ ತಕ್ಕಡಿ ಅಲುಗಾಡುತ್ತದೆ, ಹಾಕದಿದ್ದರೆ ಬೆವರು ಜರ್ನಲಿನ ಮೇಲೆ ಬೀಳುತ್ತದೆ. ಕೆಲವು ಚೀಟಿಗಳು ಸುಳ್ಳೂ ಆದವು: ಮುದ್ದೆಯಾಯಿತು ಎಂದಿದ್ದದ್ದು ನನ್ನ ಕೈಯಲ್ಲಿ ಚೆಂದದ ಹರಳಾಯಿತು. ಅವನ್ನೂ ಹಾಗೆಯೇ ಬರೆದೆ. ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಯಜಮಾನರು ದಿನಾ ಅಡಿಗೆ ಮಾಡುವುದನ್ನು ಕಲಿತರು, ಅದೊಂದು ಲಾಭ.

ಸೋತ ಸಾಲುಗಳನ್ನು ಸೇರಿಸಿ ಮಾಡೆಲ್ಲಿಗೆ ಹೊಸದಾಗಿ ಕಲಿಸಿದೆ. ಮೊದಲ ಸಲದ ಫಲಿತಾಂಶ ಕೆಟ್ಟದಾಗಿತ್ತು; ಈಗ ಎಲ್ಲಕ್ಕೂ ಆಗುವುದಿಲ್ಲ ಎನ್ನತೊಡಗಿತ್ತು. ಒಂದೇ ಬಗೆಯ ಸೋಲು ಹೆಚ್ಚಾಗಿ ಸೇರಿತ್ತು. ಸೋಲು ಗೆಲುವುಗಳ ತೂಕ ಸರಿಮಾಡಿ, ಸೋಡಾ ಇಲ್ಲದ, ದ್ರಾವಕ ಬದಲಾದ ಪ್ರಯೋಗಗಳನ್ನೂ ಮಾಡಿ ಸೇರಿಸಿ ಮೂರನೆಯ ಸಲ ಕಲಿಸಿದಾಗ ಹದಕ್ಕೆ ಬಂತು. ಸೋಡಾ ತೆಗೆದು ಕೇಳಿದೆ: ಆಗುವುದಿಲ್ಲ. ಏಳನೆಯದನ್ನು ಕೇಳಿದೆ: ಆಗುವುದಿಲ್ಲ.

ಇದು ಗಿಣಿಪಾಠವೋ ನಿಜವಾಗಿ ಕಲಿತಿದೆಯೋ ನೋಡಬೇಕಿತ್ತು. ನಮ್ಮ ಕಾಲೇಜಿನಲ್ಲಿ ಯಾರೂ ಮಾಡಿರದ ಒಂದನ್ನು ಕೇಳಿದೆ, ವ್ಯಾನಿಲಿನ್. ಐಸ್‌ಕ್ರೀಮಿಗೆ ಹಾಕುವ ಅದೇ ಸುವಾಸನೆಯ ಪದಾರ್ಥ, ಅದೂ ಒಂದು ಆಲ್ಡಿಹೈಡ್. ಹಳೆಯ ಮಾಡೆಲ್ ಎಂಬತ್ತು ಎಂದಿತ್ತು. ಹೊಸದು ಸೋಡಾದಲ್ಲಿ ಆಗುವುದಿಲ್ಲ ಎಂದಿತು. ಫ್ಲಾಸ್ಕ್ ಇಟ್ಟೆ. ಎರಡು ದಿನ ಕಲಕಿ, ಆಮ್ಲ ಹಾಕಿದೊಡನೆ ವ್ಯಾನಿಲಿನ್ ಹಾಗೆಯೇ ಮರಳಿ ಬಂದು ಇಡೀ ಪ್ರಯೋಗಾಲಯ ಘಮ್ಮೆಂದಿತು.

“ಐಸ್‌ಕ್ರೀಮ್ ಅಂಗಡಿ ತಗದೀರೇನ್ರಿ ಮೇಡಂ?” ಎಂದು ಚಾಚಾ ಬಾಗಿಲಲ್ಲಿ ನಿಂತರು.

“ಆಗಲಿಲ್ಲ ಚಾಚಾ. ಆಗಂಗಿಲ್ಲ ಅಂದಿತ್ತು, ಆಗಲಿಲ್ಲ.”

ಮೂರು ಸಲ ಮಾಡಿದೆ, ಮೂರು ಸಲವೂ ಆಗಲಿಲ್ಲ. ಸೋತು ಇಷ್ಟು ಸಂತೋಷಪಟ್ಟ ದಿನ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಆ ಅಧ್ಯಾಯವನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಟ್ಯೂಬುಗಳ ಕಥೆ, ಟಿಎಲ್‌ಸಿಯ ಚಿತ್ರ, ಚೀಟಿಗಳ ಪಟ್ಟಿ, ರಫ್ ಬುಕ್ಕಿನ ಹನ್ನೊಂದು ಪ್ರಯತ್ನ. ಕಪಾಟಿನಿಂದ ಪುಡಿ ತೆಗೆದವರಲ್ಲಿ ಒಬ್ಬಳು ಲೇಖಕಿ ಎಂದೂ, ಸತ್ಯ ಬರೆದ ವಿದ್ಯಾರ್ಥಿಗೆ ಸೊನ್ನೆ ಹಾಕಿದ್ದು ತಪ್ಪು, ಹಾಕಿದವಳು ಲೇಖಕಿಯೇ ಎಂದೂ ಎರಡು ಸಾಲು ಸೇರಿಸಿದೆ. ಕಾಲೇಜಿನ ಹೆಸರು ಬರೆಯಲಿಲ್ಲ, ಉಳಿದವರ ಹೆಸರೂ ಬರೆಯಲಿಲ್ಲ. ಆದರೂ ನಮ್ಮ ವಿಭಾಗದ ಮುಖ್ಯಸ್ಥರು ಕರೆಸಿ, “ಯಾರೂ ಕೇಳದ್ದನ್ನ ಯಾಕ ಹೇಳಾಕ ಹೋಗತೀರಿ? ನಾಳೆ ಅಡ್ಮಿಶನ್‌ಗೆ ಯಾರು ಬರತಾರ?” ಎಂದರು. ಕಪಾಟಿನ ಕೀಲಿ ಹುಡುಕದೆ ಮಾಡುವವರು ಬರುತ್ತಾರೆ ಎಂದೆ. ಅವರು ಅಂದಿನಿಂದ ನನ್ನ ಜೊತೆ ಚಹಾಕ್ಕೆ ಬರುವುದನ್ನು ಬಿಟ್ಟಿದ್ದಾರೆ, ನಾನು ಅದನ್ನು ದೊಡ್ಡದು ಮಾಡಿಲ್ಲ.

ಜುಲೈ ಮೂರನೆಯ ವಾರ ಪ್ರಬಂಧ ಹಿಡಿದು ಮಾರ್ಗದರ್ಶಕರ ಬಳಿ ಹೋದೆ. ಅವರು ಪೂರ್ತಿ ಓದಿಯೇ ಇದ್ದರು. ವ್ಯಾನಿಲಿನ್ ಭಾಗವನ್ನು ಮೆಚ್ಚಿದರು. ಆಮೇಲೆ ಪೆನ್ನನ್ನು ಮೇಜಿನ ಮೇಲಿಟ್ಟರು.

“ಮೊದಲಿನ ಮಾಡೆಲ್ ಜರ್ನಲ್ ಜೊತೆ ಇದಕ್ಕಿಂತ ಚೆನ್ನಾಗಿ ಹೊಂದ್ತಿತ್ತು. ಈಗ ಅಂಕ ಕಡಿಮೆಯಾಗಿದೆ. ಆದರೂ ಇರಲಿ, ಸಮರ್ಥಿಸಬಹುದು. ಆದ್ರೆ ಈ ಎರಡು ಸಾಲು ತೆಗೀರಿ. ನನ್ನ ವಿದ್ಯಾರ್ಥಿ ತಾನು ಸುಳ್ಳು ಬರೆದಿದ್ದೆ ಅಂತ ತನ್ನ ಪ್ರಬಂಧದಲ್ಲೇ ಬರೆದರೆ ನಾನು ಅದರ ಕೆಳಗೆ ಸಹಿ ಹಾಕೋಕಾಗಲ್ಲ.”

“ಸರ್, ಮೊದಲಿಂದು ಹೊಂದುತ್ತಿದ್ದದ್ದು ಸುಳ್ಳಿಗೆ.”

“ಅದು ನನಗೂ ಅರ್ಥವಾಗುತ್ತೆ. ಎರಡು ಸಾಲು ಮೇಡಂ. ಇವತ್ತೇ ಸಹಿ ಮಾಡ್ತೀನಿ.”

ಆರು ವರ್ಷ. ಮಗಳ ಹತ್ತನೆಯ ತರಗತಿಯ ವರ್ಷವೂ ಅದರಲ್ಲಿ ಹೋಗಿತ್ತು. ಎರಡು ಸಾಲು ತೆಗೆಯಲು ಎರಡು ನಿಮಿಷ ಸಾಕಿತ್ತು, ತೆಗೆದದ್ದು ಬಬಲೇಶ್ವರದವರೆಗೆ ತಿಳಿಯುತ್ತಲೂ ಇರಲಿಲ್ಲ. ನನಗೆ ಅಳು ಬಂತು, ಅವರ ಎದುರೇ ಬಂತು. ಕಣ್ಣು ಒರೆಸಿಕೊಂಡು, ಸಾಲು ಇರುತ್ತವೆ ಸರ್ ಎಂದು ಪ್ರಬಂಧವನ್ನು ಚೀಲಕ್ಕೆ ಹಾಕಿಕೊಂಡೆ. ಭಂಡಾರದ ಲಕ್ಷಾಂತರ ಸಾಲುಗಳಲ್ಲಿ ಇಲ್ಲದ್ದು ಯಾಕಿಲ್ಲ ಎಂದು ಮಾರ್ಚಿನಿಂದ ಕೇಳುತ್ತ ಬಂದವಳು ನಾನು. ಇಂಥ ಮೇಜುಗಳ ಮೇಲೆ, ಇಷ್ಟೇ ಸೌಜನ್ಯದಿಂದ ತೆಗೆಸಿಹಾಕಿದ್ದಕ್ಕೇ ಇಲ್ಲ.

ಆಗಸ್ಟಿನ ಮೊದಲ ವಾರ ನೋಂದಣಿ ರದ್ದಾದ ಪತ್ರ ಬಂತು. ಸೋತ ಪ್ರಯೋಗಗಳ ಪಟ್ಟಿಯನ್ನು ಯಾರು ಬೇಕಾದರೂ ಬಳಸಬಹುದು ಎಂದು ಅಂತರ್ಜಾಲದಲ್ಲಿ ಇಟ್ಟೆ. ಹೊಸ ಮಾರ್ಗದರ್ಶಕರನ್ನು ಹುಡುಕುತ್ತಿದ್ದೇನೆ, ಆ ಎರಡು ಸಾಲುಗಳನ್ನು ಮೊದಲೇ ಓದಿಸಿ. ಇಬ್ಬರು ಆಗುವುದಿಲ್ಲ ಎಂದಿದ್ದಾರೆ. ಆಗುವುದಿಲ್ಲ ಎಂಬ ಉತ್ತರದ ಬೆಲೆ ನನಗೆ ಗೊತ್ತು, ಮೂರನೆಯವರಿಗೆ ಬರೆದಿದ್ದೇನೆ.

ಪತ್ರ ಬಂದ ವಾರದ ಭಾನುವಾರ ರಫ್ ಬುಕ್ ಮರಳಿಸಲು ಬಬಲೇಶ್ವರಕ್ಕೆ ಹೋದೆ. ಸಹಿಯಿಲ್ಲದ ಪ್ರಬಂಧವನ್ನೂ ಒಯ್ದಿದ್ದೆ. ಅವನು ಗಲ್ಲಾಪೆಟ್ಟಿಗೆಯ ಹಿಂದೆ ನಿಂತುಕೊಂಡೇ ಆ ಅಧ್ಯಾಯ ಓದಿದ. ಆ ಎರಡು ಸಾಲುಗಳ ಮೇಲೆ ಬೆರಳಿಟ್ಟು ಎರಡನೆಯ ಸಲ ಓದಿದ. ಆಮೇಲೆ ಪುಟ ತಿರುವಿ ತನ್ನ ಪ್ರಯತ್ನಗಳ ಕೋಷ್ಟಕಕ್ಕೆ ಬಂದು ಅಲ್ಲೇ ನಿಂತುಬಿಟ್ಟ. ಗಿರಾಕಿಯೊಬ್ಬ ಬಂದು ಯೂರಿಯಾ ಕೇಳಿದರೂ ತಲೆ ಎತ್ತಲಿಲ್ಲ.

“ಮೇಡಂ, ಐದನೇದು ತಪ್ಪೈತಿ.”

“ಯಾಕ? ನಿನ್ನ ಬುಕ್ಕಿನ್ಯಾಗ ಇದ್ದಂಗನ ಬರದೀನಿ.”

“ಬುಕ್ಕಿನ್ಯಾಗ ಹಂಗ ಐತ್ರಿ. ಆ ದಿನ ಕರೆಂಟ್ ಹೋಗಿ ಎರಡು ತಾಸು ಕಲಕೂದು ನಿಂತಿತ್ತು. ನಾ ಅದನ್ನ ಬರೀಲಿಲ್ಲ. ನೀವು ಬೈತೀರಂತ ಅಂಜಿ ಬರೀಲಿಲ್ಲ.” ಅವನು ಗಲ್ಲಾಪೆಟ್ಟಿಗೆಯಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟ. “ಅದು ಲೆಕ್ಕಕ್ಕ ಬರಂಗಿಲ್ರಿ. ಹನ್ನೊಂದಲ್ಲ, ಹತ್ತು ಅಂತ ಬರೀರಿ.”

ಹನ್ನೊಂದನ್ನು ಹೊಡೆದು ಹತ್ತು ಎಂದು ಬರೆದೆ.